ಎಡಿಎಚ್‌ಡಿ ಔಷಧಿ, ಮದ್ಯ ಮತ್ತು ಮಾದಕ ಪದಾರ್ಥ: ತಪ್ಪು ಕಲ್ಪನೆ ಮತ್ತು ಸತ್ಯ

ಗಮನ ನಿಲ್ಲದಿರುವುದು, ಅತಿಯಾದ ಚಡಪಡಿಕೆ ಮತ್ತು ಹಿಂದುಮುಂದು ನೋಡದ ದುಡುಕು ಎಂಬ ಲಕ್ಷಣಗಳಿಂದ ಗುರುತಿಸಲಾಗುವ ಎಡಿಎಚ್‌ಡಿಗೆ ಭಾರತದಲ್ಲಿ ಹೆಚ್ಚಾಗಿ ಬರೆದುಕೊಡುವ ಔಷಧಿಗಳು ಎರಡು: ಮಿದುಳಿನ ಸಂದೇಶವಾಹಕ ರಾಸಾಯನಿಕಗಳಾದ ಡೋಪಮೈನ್ ಮತ್ತು ನಾರ್‌ಎಪಿನೆಫ್ರಿನ್‌ಗಳ ಪ್ರಭಾವವನ್ನು ಹೆಚ್ಚಿಸುವ ಉತ್ತೇಜಕವಾದ ಮಿಥೈಲ್‌ಫೆನಿಡೇಟ್ ಮತ್ತು ಉತ್ತೇಜಕವಲ್ಲದ ಅಟೊಮೊಕ್ಸೆಟಿನ್. ಇವುಗಳೊಂದಿಗೆ ಮದ್ಯವನ್ನೋ ಮಾದಕ ಪದಾರ್ಥವನ್ನೋ ಸೇವಿಸುವ ಬಗ್ಗೆ ಇರುವ ತಪ್ಪು ಕಲ್ಪನೆಗಳಲ್ಲಿ ಹಲವು, ಮೈಗೆ ಏನೂ ಅನ್ನಿಸದಿದ್ದರೆ ಏನೂ ಆಗಿಲ್ಲವೆಂದೇ ಅರ್ಥ ಎಂಬ ತರ್ಕದಿಂದ ಹುಟ್ಟಿದವು.

ತಪ್ಪು ಕಲ್ಪನೆ: ಮಾತ್ರೆ ಚುರುಕುಗೊಳಿಸುತ್ತದೆ, ಮದ್ಯ ಮಂಕುಗೊಳಿಸುತ್ತದೆ, ಎರಡೂ ಸೇರಿದರೆ ಸರಿಹೋಗುತ್ತದೆ.

ಸತ್ಯ: ಉತ್ತೇಜಕವು ಮದ್ಯ ತರುವ ತೂಕಡಿಕೆಯನ್ನು ಮರೆಮಾಡುತ್ತದೆಯೇ ಹೊರತು ರಕ್ತದಲ್ಲಿನ ಮದ್ಯವನ್ನು ತಗ್ಗಿಸುವುದಿಲ್ಲವಾದ್ದರಿಂದ, ಅಮಲೇರಿಲ್ಲವೆಂದು ಭಾವಿಸಿದವರು ಮತ್ತಷ್ಟು ಕುಡಿಯುವ ಅಥವಾ ವಾಹನವೇರುವ ಸಂಭವವಿದೆ, ಆದರೆ ಕಾನೂನು ಚಾಲಕರಿಗೆ ವಿಧಿಸಿರುವ ಮಿತಿ 100 ಮಿ.ಲೀ. ರಕ್ತದಲ್ಲಿ 30 ಮಿ.ಗ್ರಾಂ. ಮದ್ಯವೇ ವಿನಾ ಚಾಲಕರ ಅನಿಸಿಕೆಯಲ್ಲ. ಅಲ್ಲದೆ, ಮಿಥೈಲ್‌ಫೆನಿಡೇಟನ್ನು ಒಡೆಯುವ ಯಕೃತ್ತಿನ ಕಿಣ್ವವು, ಅಂದರೆ ರಾಸಾಯನಿಕ ಕ್ರಿಯೆಯನ್ನು ತ್ವರಿತಗೊಳಿಸುವ ಪ್ರೋಟೀನು, ಮದ್ಯ ಜೊತೆಗಿದ್ದಾಗ ಔಷಧಿಯ ಒಂದು ಪಾಲನ್ನು ಎಥೈಲ್‌ಫೆನಿಡೇಟ್ ಎಂಬ ಬೇರೊಂದು ಉತ್ತೇಜಕವಾಗಿ ಮಾರ್ಪಡಿಸುತ್ತದೆ. ರಕ್ತದಲ್ಲಿ ಮೂಲ ಔಷಧಿಯ ಮಟ್ಟವೂ ಏರುತ್ತದೆ.

ತಪ್ಪು ಕಲ್ಪನೆ: ದಿನವಿಡೀ ನಿಧಾನವಾಗಿ ಕರಗುವ ಮಾತ್ರೆಗಳಿಂದ ಈ ಅಪಾಯವಿಲ್ಲ.

ಸತ್ಯ: ಇದು ಮಾತ್ರೆಯ ರಚನೆಯನ್ನು ಅವಲಂಬಿಸಿದೆ. ರಿಟಾಲಿನ್ ಎಲ್‌ಎ ಎಂಬ ಕ್ಯಾಪ್ಸೂಲನ್ನು ಪ್ರಯೋಗಾಲಯದಲ್ಲಿ ಶೇ. 40 ಮದ್ಯಸಾರವಿರುವ ದ್ರವದಲ್ಲಿ ಇಟ್ಟಾಗ, ಹಲವು ಗಂಟೆಗಳಲ್ಲಿ ಹಂತಹಂತವಾಗಿ ಹೊರಬರಬೇಕಾದ ಔಷಧಿಯ ಶೇ. 98 ಭಾಗ ಮೊದಲ ಒಂದು ಗಂಟೆಯಲ್ಲೇ ಹೊರಬಂದಿತು.

ತಪ್ಪು ಕಲ್ಪನೆ: ಕುಡಿಯುವ ದಿನ ಮಾತ್ರೆ ಬಿಟ್ಟರಾಯಿತು.

ಸತ್ಯ: ಮಿಥೈಲ್‌ಫೆನಿಡೇಟ್ ಒಂದು ದಿನದೊಳಗೆ ಬಹುಮಟ್ಟಿಗೆ ದೇಹದಿಂದ ಹೊರಹೋಗುತ್ತದೆ ನಿಜ, ಆದರೆ ಅದು ಹತೋಟಿಯಲ್ಲಿಟ್ಟಿದ್ದ ದುಡುಕು, ಮಿತಿ ಕಾಯ್ದುಕೊಳ್ಳಬೇಕಾದ ದಿನವೇ ಮರಳುತ್ತದೆ. ಅಟೊಮೊಕ್ಸೆಟಿನ್‌ನ ಪರಿಣಾಮ ವಾರಗಟ್ಟಲೆ ನಿತ್ಯ ಸೇವಿಸಿದ ಮೇಲೆ ಪೂರ್ಣವಾಗಿ ಕಾಣುವುದರಿಂದ ಅದನ್ನು ಆಗಾಗ ಬಿಡುವುದು ಚಿಕಿತ್ಸೆಯನ್ನೇ ಕೆಡಿಸುತ್ತದೆ. ಕೆಲವರಿಗೆ ನೀಡಲಾಗುವ ಕ್ಲೋನಿಡಿನ್ ಅನ್ನು ಥಟ್ಟನೆ ನಿಲ್ಲಿಸಿದರೆ ರಕ್ತದೊತ್ತಡ ಅಪಾಯಕಾರಿಯಾಗಿ ಏರಬಹುದು.

ತಪ್ಪು ಕಲ್ಪನೆ: ಗಾಂಜಾ ಗಿಡಮೂಲಿಕೆ, ಪಾರ್ಟಿಯ ಒಂದು ಮಾತ್ರೆಯಿಂದ ಏನೂ ಆಗದು.

ಸತ್ಯ: ಗಾಂಜಾವೂ ಉತ್ತೇಜಕವೂ ಹೃದಯ ಬಡಿತವನ್ನು ಹೆಚ್ಚಿಸುವಂಥವೇ. ಕೊಕೇನ್ ಅಥವಾ ಪಾರ್ಟಿಗಳಲ್ಲಿ ನುಂಗುವ ಮಾದಕ ಮಾತ್ರೆಯಾದ ಎಂಡಿಎಂಎ ಸೇರಿದಾಗ ರಕ್ತದೊತ್ತಡ ಮತ್ತು ದೇಹದ ಉಷ್ಣತೆ ವಿಪರೀತಕ್ಕೇರಿ, ಹೃದಯದ ಲಯ ತಪ್ಪುವುದು ಅಥವಾ ಪಾರ್ಶ್ವವಾಯು ಎರಗುವುದು ಎಳೆಯ ವಯಸ್ಸಿನಲ್ಲೂ ಸಾಧ್ಯ. ಕಳ್ಳದಾರಿಯಲ್ಲಿ ಸಿಗುವ ಮಾತ್ರೆಯಲ್ಲಿ ಏನಿದೆ ಎಂಬುದು ನುಂಗುವವರಿಗೆ ತಿಳಿದಿರುವುದೂ ಇಲ್ಲ.

ತಪ್ಪು ಕಲ್ಪನೆ: ಕುಡಿತದ ವಿಷಯ ವೈದ್ಯರಿಗೆ ಹೇಳಿದರೆ ಚಿಕಿತ್ಸೆ ನಿಂತುಹೋಗುತ್ತದೆ.

ಸತ್ಯ: ವಿಷಯ ತಿಳಿದರೆ ವೈದ್ಯರು ದುರುಪಯೋಗದ ಸಾಧ್ಯತೆ ಕಡಿಮೆಯಿರುವ ಅಟೊಮೊಕ್ಸೆಟಿನ್‌ನಂಥ ಔಷಧಿಯನ್ನು ಆಯ್ದುಕೊಳ್ಳಬಲ್ಲರು, ಮದ್ಯದ ಚಟಕ್ಕೂ ಜೊತೆಯಲ್ಲೇ ಚಿಕಿತ್ಸೆ ನೀಡಬಲ್ಲರು. ಸಲಹೆಗೆ ಸರ್ಕಾರದ ಮಾನಸಿಕ ಆರೋಗ್ಯ ದೂರವಾಣಿ ಸೇವೆಯಾದ ಟೆಲಿ ಮಾನಸ್‌ನ 14416 ಉಚಿತ ಸಹಾಯವಾಣಿಯಿದೆ. ಎದೆನೋವು, ಫಿಟ್ಸ್, ವಿಪರೀತ ಜ್ವರ ಅಥವಾ ಎಚ್ಚರ ತಪ್ಪುವಿಕೆ ಕಂಡರೆ ಕೂಡಲೇ 108ಕ್ಕೆ ಕರೆಮಾಡಿ, ಸೇವಿಸಿದ್ದೆಲ್ಲವನ್ನೂ ಮುಚ್ಚಿಡದೆ ತಿಳಿಸಬೇಕು.