ಹನ್ನೆರಡು ದಿನದ ಕೆಲಸ ಮುಗಿಯುವುದು ಯಾವತ್ತು?

2023ರ ಅಕ್ಟೋಬರ್ 16, ಸೋಮವಾರ. ಹನ್ನೆರಡು ಕೆಲಸದ ದಿನ ಹಿಡಿಯುವ ಒಂದು ಕೆಲಸ ಅಂದು ಬೆಳಿಗ್ಗೆ ಶುರುವಾಯಿತು ಎಂದುಕೊಳ್ಳಿ. ಶನಿವಾರ, ಭಾನುವಾರ ರಜೆ. ಮುಗಿಯುವುದು ಯಾವತ್ತು? ಹಬ್ಬಹುಣ್ಣಿಮೆ ಲೆಕ್ಕಕ್ಕೆ ಹಿಡಿಯದೆ ಬೆರಳು ಮಡಿಚಿ ಎಣಿಸಿದರೆ ಅಕ್ಟೋಬರ್ 31. ಮಹಾರಾಷ್ಟ್ರದ ರಜಾಪಟ್ಟಿ ಇಟ್ಟುಕೊಂಡರೆ ನವೆಂಬರ್ 1, ಯಾಕೆಂದರೆ 24ಕ್ಕೆ ದಸರಾ ರಜೆ. ಕರ್ನಾಟಕದ ಪಟ್ಟಿಯಾದರೆ ನವೆಂಬರ್ 3. ಅಲ್ಲಿ 23ರ ಆಯುಧಪೂಜೆಗೂ ರಜೆ, 24ರ ವಿಜಯದಶಮಿಗೂ ರಜೆ, ನವೆಂಬರ್ 1ಕ್ಕಂತೂ ರಾಜ್ಯೋತ್ಸವ. ಮೂರೂ ಲೆಕ್ಕ ಸರಿಯೇ. ಆದರೆ ವರದಿಯಲ್ಲಿ ಒಂದೇ ದಿನಾಂಕಕ್ಕೆ ಜಾಗ.

ಪುಣೆಯಲ್ಲಿ ಕೂತು ಪವರ್ ಬಿಐನಲ್ಲಿ ಪ್ರಾಜೆಕ್ಟ್ ವರದಿ ಮಾಡುವುದು ನನ್ನ ಹೊಟ್ಟೆಪಾಡು. ಒಮ್ಮೆ ಬೇರೆಯವರು ಮಾಡಿಟ್ಟಿದ್ದ ವರದಿಯೊಂದು ನನ್ನ ಪಾಲಿಗೆ ಬಂತು. ಪ್ರತಿ ಕೆಲಸದ ಎದುರಿಗೆ ಹಸಿರು ಇಲ್ಲವೇ ಕೆಂಪು ಚುಕ್ಕೆ. ಕೆಂಪೆಂದರೆ ಅವಧಿ ಮೀರಿದೆ ಎಂದರ್ಥ. ಒಳಗಿದ್ದ ರಜಾಪಟ್ಟಿ ಪುಣೆ ಆಫೀಸಿನದು, ಕೆಲಸ ಮಾಡುವವರಲ್ಲಿ ಅರ್ಧಕ್ಕರ್ಧ ಬೆಂಗಳೂರಿನವರು. ದಸರಾದಿಂದ ರಾಜ್ಯೋತ್ಸವದವರೆಗೆ ಅವರ ಹೆಸರುಗಳ ಮುಂದೆ ಕೆಂಪು ಸಾಲುಗಟ್ಟುತ್ತಿತ್ತು. "ಏನ್ ಸಾರ್, ಆಯುಧಪೂಜೆ ಮಾಡಿ, ಬಾವುಟ ಹಾರಿಸಿದ್ದಕ್ಕೆ ನಾನು ಎರಡು ದಿನ ಲೇಟಾ?" ಎಂದು ಅಲ್ಲಿನ ಒಬ್ಬರು ಫೋನಿನಲ್ಲಿ ಕೇಳಿದರು. ತಮಾಷೆಗೆ ಕೇಳಿದ್ದಲ್ಲ. ಆ ಕೆಂಪು ಚುಕ್ಕೆಗಳನ್ನು ಒಟ್ಟು ಹಾಕಿ ವರ್ಷದ ಕೊನೆಗೆ ಅಪ್ರೈಸಲ್‌ನಲ್ಲಿ ಮುಂದಿಡುತ್ತಿದ್ದರು. ಇನ್ಕ್ರಿಮೆಂಟ್ ಮಾತಾಡುವಾಗ ಚುಕ್ಕೆಯ ಹಿಂದಿನ ಪಂಚಾಂಗವನ್ನು ಯಾರೂ ಬಿಚ್ಚಿ ನೋಡುವುದಿಲ್ಲ.

ಎಕ್ಸೆಲ್ ಬಳಸುವವರಿಗೆ ವರ್ಕ್‌ಡೇ ಎಂಬ ಫಂಕ್ಷನ್ ಗೊತ್ತಿರುತ್ತದೆ. ಶುರುವಿನ ದಿನ, ಎಷ್ಟು ದಿನ, ರಜಾಪಟ್ಟಿ, ಈ ಮೂರು ಕೊಟ್ಟರೆ ಕೊನೆಯ ದಿನ ಹೇಳುತ್ತದೆ. ಆದರೆ ಅದು ಶುರುವಿನ ದಿನವನ್ನು ಎಣಿಸುವುದಿಲ್ಲ, ಮರುದಿನದಿಂದ ಎಣಿಸುತ್ತದೆ. ಅದರ ಜೋಡಿ ನೆಟ್‌ವರ್ಕ್‌ಡೇಸ್ ಮಾತ್ರ ಮೊದಲ ದಿನ, ಕೊನೆಯ ದಿನ ಎರಡನ್ನೂ ಸೇರಿಸಿಕೊಳ್ಳುತ್ತದೆ. ಒಂದೇ ಮನೆಯ ಇಬ್ಬರು ಮಕ್ಕಳು, ಎರಡು ಬುದ್ಧಿ. ಇದಕ್ಕೆ ಬಹಳ ಜನ ಮಾಡುವ ಉಪಾಯವೆಂದರೆ ದಿನಗಳ ಸಂಖ್ಯೆಯಿಂದ ಒಂದು ಕಳೆಯುವುದು. ಶುರುವಿನ ದಿನ ಶನಿವಾರವಾಗಿದ್ದರೆ ಈ ಉಪಾಯದಲ್ಲಿ ಒಂದು ಕೆಲಸದ ದಿನ ನುಂಗಿಹೋಗುತ್ತದೆ. ಸಂಖ್ಯೆಯನ್ನು ಮುಟ್ಟದೆ, ಶುರುವಿನ ದಿನಾಂಕದಿಂದ ಒಂದು ಕಳೆದರೆ ಎಲ್ಲ ಸಂದರ್ಭಕ್ಕೂ ಸರಿಹೋಗುತ್ತದೆ.

ಪವರ್ ಬಿಐನ ಡ್ಯಾಕ್ಸ್ ಭಾಷೆಗೆ ನೆಟ್‌ವರ್ಕ್‌ಡೇಸ್ ಬಂದದ್ದು 2022ರಲ್ಲಿ. ಎರಡು ದಿನಾಂಕಗಳ ನಡುವೆ ಎಷ್ಟು ಕೆಲಸದ ದಿನ ಎಂದು ಅದು ಹೇಳುತ್ತದೆ. ನಮಗೆ ಬೇಕಾದದ್ದು ಅದರ ತಿರುವುಮುರುವು. ವರ್ಕ್‌ಡೇಗೆ ಸಮನಾದ ಫಂಕ್ಷನ್ ಅಲ್ಲಿ ಇಲ್ಲದ್ದರಿಂದ ನಾವೇ ಕಟ್ಟಿಕೊಳ್ಳಬೇಕು. ಕಟ್ಟುವುದು ಕಷ್ಟವೇನಲ್ಲ. ವರ್ಷದ ಪ್ರತಿ ದಿನಕ್ಕೂ ಒಂದು ಸಾಲಿರುವ ಟೇಬಲ್ ಮಾಡಿ. ಒಂದು ಕಾಲಂನಲ್ಲಿ ಕೆಲಸದ ದಿನಕ್ಕೆ 1, ರಜೆಗೆ 0. ಪಕ್ಕದ ಕಾಲಂನಲ್ಲಿ ಅದರ ಏರುತ್ತ ಹೋಗುವ ಮೊತ್ತ. ಅಕ್ಟೋಬರ್ 13, ಶುಕ್ರವಾರದ ಮೊತ್ತ 200 ಇದೆ ಎಂದುಕೊಳ್ಳೋಣ. ಶನಿವಾರ, ಭಾನುವಾರವೂ 200ರಲ್ಲೇ ನಿಲ್ಲುತ್ತದೆ. ಕೆಲಸ ಶುರುವಾಗುವ 16ರ ಹಿಂದಿನ ದಿನದ ಮೊತ್ತಕ್ಕೆ 12 ಕೂಡಿಸಿದರೆ 212. ಬೆಂಗಳೂರಿನ ಪಟ್ಟಿಯಲ್ಲಿ 212 ಎಂದಿರುವ ಮೊದಲ ದಿನಾಂಕ ನವೆಂಬರ್ 3. ಮರುದಿನ ಶನಿವಾರಕ್ಕೂ 212 ಇರುತ್ತದೆ, ಅದಕ್ಕೇ ಮೊದಲನೆಯದು ಎಂದದ್ದು.

ಈ ಟೇಬಲ್ಲಿಗೆ ಊರಿನ ಕಾಲಂ ಒಂದು ಸೇರಿಸಿ, ಮೊತ್ತವನ್ನು ಊರಿನ ಪ್ರಕಾರ ಬೇರೆಬೇರೆ ಲೆಕ್ಕ ಹಾಕಿದರೆ ಅರ್ಧ ಜಗಳ ಮುಗಿಯಿತು. ಮೂರು ಊರು, ಹತ್ತು ವರ್ಷ ಅಂದರೂ ಹನ್ನೊಂದು ಸಾವಿರ ಸಾಲು. ಪವರ್ ಬಿಐಗೆ ಅದು ಯಾವ ಲೆಕ್ಕ! ಒಂದೇ ಎಚ್ಚರ ಬೇಕು. ಒಂದೇ ದಿನಾಂಕ ಮೂರು ಸಲ ಬರುವುದರಿಂದ ಇದನ್ನು ಮುಖ್ಯ ದಿನಾಂಕದ ಟೇಬಲ್ ಆಗಿ ಬಳಸಲಾಗದು, ಬೇರೆ ಇಟ್ಟುಕೊಳ್ಳಬೇಕು. ಎರಡನೆಯ ಮತ್ತು ನಾಲ್ಕನೆಯ ಶನಿವಾರದ ತೊಡಕೂ ಇಲ್ಲಿ ತಾನಾಗಿ ಬಿಡಿಸಿಕೊಳ್ಳುತ್ತದೆ. 2015ರ ಸೆಪ್ಟೆಂಬರ್‌ನಿಂದ ಬ್ಯಾಂಕುಗಳಿಗೆ ಇವೆರಡು ಶನಿವಾರ ರಜೆ. ಸಿದ್ಧ ಫಂಕ್ಷನ್‌ಗಳಿಗೆ ಎಲ್ಲ ಶನಿವಾರ ರಜೆ ಅಥವಾ ಯಾವ ಶನಿವಾರವೂ ಇಲ್ಲ ಎನ್ನುವುದು ಮಾತ್ರ ಅರ್ಥವಾಗುತ್ತದೆ.

ಉಳಿದರ್ಧ ಜಗಳ ಪಟ್ಟಿ ತುಂಬುವುದರಲ್ಲಿದೆ. ಆ 2023ನ್ನೇ ನೋಡಿ. ಗಣೇಶನ ಹಬ್ಬಕ್ಕೆ ಬೆಂಗಳೂರಿನ ಬ್ಯಾಂಕುಗಳಿಗೆ ಸೆಪ್ಟೆಂಬರ್ 18 ರಜೆ, ಮುಂಬೈಯಲ್ಲಿ 19. ಒಬ್ಬನೇ ಗಣಪ, ಎರಡು ದಿನ ಬಂದ. ಆಮೇಲೆ ಅನಂತ ಚತುರ್ದಶಿ ಮತ್ತು ಈದ್ ಮಿಲಾದ್ ಎರಡೂ 28ಕ್ಕೇ ಬಿದ್ದವು. ವಿಸರ್ಜನೆಯ ಮೆರವಣಿಗೆಗೂ ಈದ್ ಮೆರವಣಿಗೆಗೂ ಒಂದೇ ದಿನ ಬೇಡವೆಂದು ಮಹಾರಾಷ್ಟ್ರ ಸರ್ಕಾರ ಈದ್ ರಜೆಯನ್ನು 29ಕ್ಕೆ ಸರಿಸಿತು. ಒಳ್ಳೆಯ ತೀರ್ಮಾನವೇ. ಆದರೆ ಜನವರಿಯಲ್ಲಿ ತುಂಬಿ ಮರೆತ ಪಟ್ಟಿಗೆ ಇದು ಎಲ್ಲಿ ಗೊತ್ತಾಗಬೇಕು?

ರಜೆ ಹೀಗೆ ಸರಿದಾಗ ಇನ್ನೊಂದು ಎಡವಟ್ಟು. ಪಟ್ಟಿ ತಿದ್ದಿದ ಕೂಡಲೇ ವರದಿ ಎಲ್ಲ ಕೊನೆಯ ದಿನಗಳನ್ನೂ ಹೊಸದಾಗಿ ಲೆಕ್ಕ ಹಾಕುತ್ತದೆ, ಗ್ರಾಹಕರಿಗೆ ಎಂದೋ ಮಾತು ಕೊಟ್ಟಾಗಿದ್ದ ದಿನಾಂಕವನ್ನೂ ಸೇರಿಸಿ. ನಿನ್ನೆಯ ಹಸಿರು ಇವತ್ತು ಕೆಂಪಾದರೆ ಯಾರನ್ನು ನಂಬುವುದು? ಅದಕ್ಕೆ ಮಾತು ಕೊಟ್ಟ ದಿನಾಂಕವನ್ನು ಬೇರೆ ಕಾಲಂನಲ್ಲಿ ಬರೆದಿಟ್ಟು ಬೀಗ ಹಾಕಬೇಕು. ಲೆಕ್ಕದ ದಿನಾಂಕ ಅದರ ಪಕ್ಕದಲ್ಲಿ ಬೇಕಾದಷ್ಟು ಸರಿದಾಡಲಿ. ವೈಯಕ್ತಿಕ ರಜೆಯನ್ನು ಮಾತ್ರ ಈ ಟೇಬಲ್ಲಿಗೆ ಬಿಡಬೇಡಿ ಎನ್ನುವುದು ನನ್ನ ಹಟ. ಅಳಿಯನ ಮದುವೆಗೆ ಹೋದದ್ದು ಊರಿನ ಪಂಚಾಂಗಕ್ಕೆ ಸಂಬಂಧಿಸಿದ್ದಲ್ಲ, ಅದನ್ನು ಕೆಲಸ ಹಂಚುವಾಗ ಮ್ಯಾನೇಜರ್ ನೋಡಿಕೊಳ್ಳಬೇಕು.

ಈಗ ನಮ್ಮಲ್ಲಿ ಪ್ರತಿ ಊರಿನ ಆಫೀಸಿನಲ್ಲೂ ಒಬ್ಬರು ಆಯಾ ಪಟ್ಟಿಯನ್ನು ತಿಂಗಳಿಗೊಮ್ಮೆ ನೋಡಿ ತಿದ್ದುತ್ತಾರೆ. ದಸರಾ ಕಾಲದ ಬೆಂಗಳೂರಿನ ಕೆಂಪು ಬಹುಪಾಲು ಇಳಿದಿದೆ. ಉಳಿದಿರುವುದು ನಿಜವಾದ ತಡ, ಅದರ ಬಗ್ಗೆ ಈಗ ನೇರವಾಗಿ ಮಾತಾಡಬಹುದು. ಆದರೆ ಯಾವ ಊರಿನ ಲೆಕ್ಕ ಯಾರಿಗೆ ಎಂಬುದಕ್ಕೆ ಡ್ಯಾಕ್ಸ್‌ನಲ್ಲಿ ಉತ್ತರವಿಲ್ಲ. ಬೆಂಗಳೂರು ತಂಡಕ್ಕೆ ಸೇರಿ ಪುಣೆಯಲ್ಲಿ ಕೂರುವ ನನ್ನಂಥವರು ಕೆಲವರಿದ್ದೇವೆ. ಹೆಸರು ಯಾವ ಆಫೀಸಿನ ಹಾಜರಿಯಲ್ಲಿದೆಯೋ ಅಲ್ಲಿನ ರಜೆ ಎಂದು ಕೊನೆಗೆ ತೀರ್ಮಾನವಾಯಿತು. ಅಂದರೆ ನವೆಂಬರ್ 1 ನನ್ನ ಸಾಲಿನಲ್ಲಿ 1 ಎಂದೇ ಇದೆ, ರಾಜ್ಯೋತ್ಸವಕ್ಕೆ ಭಾನುವಾರವೇ ಗತಿ.