ಹುಡುಕಿದ್ದನ್ನು ಎಲ್ಲಿ ಇಡಬೇಕು? ಕಚ್ಚಾ ಚೀಟಿಯೋ, ಖಾತೆ ಪುಸ್ತಕವೋ?

ಅಡಿಕೆ ಕೊಳೆರೋಗ ನಮಗೆ ಹೊಸದಲ್ಲ. ಮೈಸೂರು ಸಂಸ್ಥಾನದಲ್ಲಿ ಡಾ. ಲೆಸ್ಲಿ ಕೋಲ್ಮನ್ ಅವರು ಇದನ್ನು ಅಭ್ಯಾಸ ಮಾಡಿ 1910ರಲ್ಲಿಯೇ ವರದಿ ಪ್ರಕಟಿಸಿದ್ದರು. ಈಚೆಗೆ ಎಲೆಚುಕ್ಕಿ ರೋಗವೂ ಸೇರಿಕೊಂಡಿದೆ. ಯಾರೋ ಹೇಳಿದ ಔಷಧಿಗೆ ಹಣ ಸುರಿಯುವ ಮೊದಲು ಸಂಶೋಧಕರು ಏನು ಕಂಡಿದ್ದಾರೆಂದು ತಿಳಿಯುವುದು ಮೇಲು. ನಿಲ್ಕುಂದದಂಥ ಊರಿನ ಬೆಳೆಗಾರರ ಮನೆಯ ಓದಿದ ಮಕ್ಕಳು ಈ ಕೆಲಸವನ್ನು ಗಣಕಯಂತ್ರದಲ್ಲಿ ಮಾಡಿಕೊಡಬಲ್ಲರು.

ಅಮೆರಿಕದ ರಾಷ್ಟ್ರೀಯ ವೈದ್ಯಕೀಯ ಗ್ರಂಥಾಲಯವು 1996ರಲ್ಲಿ ಆರಂಭಿಸಿದ ಪಬ್‌ಮೆಡ್ ಎಂಬ ಮಾಹಿತಿ ಭಂಡಾರವನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ಇದು ಉಚಿತ. ವೈದ್ಯಕೀಯದ ಜೊತೆಗೆ ಸಸ್ಯರೋಗಗಳ ಲೇಖನಗಳ ಸಾರಾಂಶಗಳೂ ಇದರಲ್ಲಿ ಸಿಗುತ್ತವೆ. ಹುಡುಕುವ ಪದಗಳನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆಯಬೇಕು. ಅರೆಕಾ, ಫೈಟಾಫ್ತೊರಾ ಮುಂತಾದ ಶಾಸ್ತ್ರೀಯ ಹೆಸರು ಹಾಕಿದರೆ ಫಲ ಹೆಚ್ಚು.

ಹುಡುಕಿ ಆರಿಸಿದ ಲೇಖನಗಳನ್ನು ಇಡಲು ಇದರಲ್ಲಿ ಎರಡು ಬಗೆಯ ಜಾಗಗಳಿವೆ.

ಮೊದಲನೆಯದು ತಾತ್ಕಾಲಿಕ ಜಾಗವಾದ ಕ್ಲಿಪ್‌ಬೋರ್ಡ್. ಇದು ಅಂಗಡಿಯ ಕಚ್ಚಾ ಚೀಟಿಯಂತೆ. ಹೆಸರು ನೋಂದಾಯಿಸಬೇಕಿಲ್ಲ. 500 ಲೇಖನಗಳವರೆಗೆ ಹಿಡಿಸುತ್ತದೆ. ಆದರೆ 8 ಗಂಟೆ ಕಾಲ ಬಳಸದೆ ಬಿಟ್ಟರೆ ಎಲ್ಲವೂ ಅಳಿದುಹೋಗುತ್ತದೆ. ಹುಡುಕಾಟದ ಇತಿಹಾಸಕ್ಕೂ ಇದೇ ನಿಯಮ. ಸಂಜೆ ಕರೆಂಟು ಹೋಗಿ, ಮರುದಿನ ಬೆಳಿಗ್ಗೆ ಕುಳಿತರೆ ಪಟ್ಟಿ ಖಾಲಿಯಾಗಿರುತ್ತದೆ.

ಎರಡನೆಯದು ಉಳಿಸಿಡುವ ಜಾಗ. ಮೈ ಎನ್‌ಸಿಬಿಐ ಎಂಬಲ್ಲಿ ಖಾತೆ ತೆರೆದವರಿಗೆ ಇದು ದೊರೆಯುತ್ತದೆ. ಇದು ಖಾತೆ ಪುಸ್ತಕದಂತೆ. ಬೇರೆ ಊರಿನ ಬೇರೆ ಯಂತ್ರದಲ್ಲಿ ಕುಳಿತರೂ ನಮ್ಮ ಬರಹ ನಮಗೆ ಸಿಗುತ್ತದೆ.

ಇಲ್ಲೊಂದು ಸೂಕ್ಷ್ಮವನ್ನು ಗಮನಿಸಬೇಕು. ಲೇಖನಗಳ ಪಟ್ಟಿಯನ್ನು ಉಳಿಸುವುದು ಬೇರೆ, ಹುಡುಕಾಟವನ್ನೇ ಉಳಿಸುವುದು ಬೇರೆ. ಕಲೆಕ್ಷನ್ ಎಂಬ ಪಟ್ಟಿ ಇಟ್ಟಲ್ಲೇ ಇರುತ್ತದೆ. ಹೊಸ ಲೇಖನ ಬಂದರೂ ತಾನಾಗಿ ಸೇರದು. ಹುಡುಕಾಟವನ್ನು ಉಳಿಸಿದರೆ ಅದೇ ಪ್ರಶ್ನೆಯನ್ನು ಮತ್ತೆ ಕೇಳಿ ಹೊಸದನ್ನು ಪಡೆಯಬಹುದು. ಬೇಕಾದರೆ ಪ್ರತಿದಿನ, ವಾರಕ್ಕೊಮ್ಮೆ ಅಥವಾ ತಿಂಗಳಿಗೊಮ್ಮೆ ಇ-ಮೇಲ್ ಸೂಚನೆಯೂ ಬರುತ್ತದೆ.

ಹಾಗಾದರೆ ಯಾವುದನ್ನು ಆರಿಸಬೇಕು? ಒಂದೇ ಕೂರಿನಲ್ಲಿ ಮುಗಿಯುವ ಸಣ್ಣ ಪ್ರಶ್ನೆಗೆ ಕಚ್ಚಾ ಚೀಟಿ ಸಾಕು. ಎಲೆಚುಕ್ಕಿಯಂತೆ ವರ್ಷಗಟ್ಟಲೆ ಬೆನ್ನು ಹತ್ತಬೇಕಾದ ವಿಷಯಕ್ಕೆ ಹುಡುಕಾಟವನ್ನು ಉಳಿಸಿರಿ. ತೋಟಗಾರಿಕೆ ಅಧಿಕಾರಿಗೆ ತೋರಿಸಬೇಕಾದ ಲೇಖನಗಳನ್ನು ಕಲೆಕ್ಷನ್‌ನಲ್ಲಿ ಇಡಿರಿ. ಎಲ್ಲವನ್ನೂ ಉಳಿಸಿದರೆ ಮಾತ್ರ ಗೋಟು, ಚಾಲಿ ಎಲ್ಲ ಒಂದೇ ಚೀಲಕ್ಕೆ ತುಂಬಿದಂತಾಗಿ, ಬೇಕಾದಾಗ ಬೇಕಾದದ್ದು ಸಿಗದು.

ಹಲವರು ಬಳಸುವ ಯಂತ್ರದಲ್ಲಿ ಎರಡು ಎಚ್ಚರ ಅಗತ್ಯ. ಕ್ಲಿಪ್‌ಬೋರ್ಡ್ ವ್ಯಕ್ತಿಗೆ ಸೇರಿದ್ದಲ್ಲ, ಆ ಯಂತ್ರದ ಬ್ರೌಸರ್‌ಗೆ ಸೇರಿದ್ದು. ಮುಂದೆ ಕುಳಿತವರಿಗೂ ಅದು ಕಾಣಬಹುದು. ಖಾತೆ ತೆರೆದವರು ಏಳುವ ಮೊದಲು ಅದನ್ನು ಮುಚ್ಚಿಯೇ ಏಳಬೇಕು. ಗುಪ್ತಪದವನ್ನು ಯಂತ್ರದಲ್ಲಿ ಬಿಡಬಾರದು.

ಉಳಿಸಿದ ಮಾತ್ರಕ್ಕೆ ಅದು ನಮ್ಮ ತೋಟಕ್ಕೆ ಹೊಂದುತ್ತದೆಂದಲ್ಲ. ಬೇರೆ ದೇಶದ ಮಣ್ಣು, ಮಳೆಯಲ್ಲಿ ಕಂಡ ಫಲ ಇಲ್ಲಿ ಹಾಗೆಯೇ ಬರಲಾರದು. ಆದ್ದರಿಂದ ಪ್ರತಿ ಲೇಖನದ ವರ್ಷ, ಸ್ಥಳ ಗುರುತಿಸಿಕೊಂಡು, ಸಿಂಪರಣೆಗೆ ಮೊದಲು ತಜ್ಞರನ್ನು ಕೇಳಬೇಕೆಂದು ಸದಸ್ಯ ಬಾಂಧವರಲ್ಲಿ ವಿನಂತಿಸುತ್ತೇವೆ. ಮಳೆಗಾಲ ಹಿಡಿಯುವ ಮೊದಲೇ ಈ ಕೆಲಸ ಮುಗಿದಿದ್ದರೆ ಒಳ್ಳೆಯದು.