ಇಚ್ಚಿತ್ತ ವಿಕಲತೆ: ಮಾಟವೂ ಅಲ್ಲ, ತಾಯಿಯ ತಪ್ಪೂ ಅಲ್ಲ

ಮಠದ ಜಗಲಿಯಲ್ಲಿ ಕುಳಿತು ನಮ್ಮೊಡನೆ ಕಷ್ಟ ಹೇಳಿಕೊಳ್ಳುವ ತಾಯಂದಿರು ಕೊನೆಗೆ ದನಿ ತಗ್ಗಿಸಿ ಕೇಳುವ ಪ್ರಶ್ನೆಯೊಂದುಂಟು: “ಶಾಸ್ತ್ರಿಗಳೇ, ಚೆನ್ನಾಗಿ ಓದುತ್ತಿದ್ದ ಮಗ ಈಗ ಕೋಣೆ ಬಿಟ್ಟು ಬರುವುದಿಲ್ಲ. ಒಬ್ಬನೇ ಮಾತನಾಡುತ್ತಾನೆ, ಅನ್ನದಲ್ಲಿ ವಿಷವಿದೆ ಎನ್ನುತ್ತಾನೆ. ಇದು ಮಾಟವೋ, ನಾನು ಸಾಕಿದ್ದರಲ್ಲಿ ತಪ್ಪಾಯಿತೋ?”

ಎರಡೂ ಅಲ್ಲ. ವೈದ್ಯರು ಪರೀಕ್ಷಿಸಿಯೇ ನಿರ್ಣಯಿಸಬೇಕಾದುದಾದರೂ ಇಂಥ ಲಕ್ಷಣಗಳ ಹಿಂದೆ ಅನೇಕ ವೇಳೆ ಸ್ಕಿಜೋಫ್ರೇನಿಯಾ, ಅಂದರೆ ಇಚ್ಚಿತ್ತ ವಿಕಲತೆ ಇರುತ್ತದೆ. 1908ರಲ್ಲಿ ಸ್ವಿಟ್ಜರ್ಲೆಂಡಿನ ಯೂಜೆನ್ ಬ್ಲಾಯ್ಲರ್ ಈ ಹೆಸರಿಟ್ಟರು. ಒಬ್ಬನಲ್ಲಿ ಇಬ್ಬರಿರುವುದೆಂದು ಇದರ ಅರ್ಥವಲ್ಲ. ಆಲೋಚನೆ, ಭಾವನೆ, ನಡವಳಿಕೆಗಳ ನಡುವಣ ಹೊಂದಾಣಿಕೆ ಕಡಿದುಹೋಗುವುದೆಂದರ್ಥ.

ಹಿಂದೆ ಇದನ್ನು ಸಂಶಯಪ್ರಧಾನ, ಅಸ್ತವ್ಯಸ್ತ, ಕಲ್ಲಿನಂತೆ ಸ್ತಬ್ಧವಾಗುವ ಬಗೆ ಎಂದು ವಿಂಗಡಿಸುತ್ತಿದ್ದರು. ಒಬ್ಬನೇ ರೋಗಿ ಒಂದು ಬಗೆಯಿಂದ ಇನ್ನೊಂದಕ್ಕೆ ಜಾರುವುದರಿಂದ 2013ರಲ್ಲಿ ಅಮೆರಿಕದ ಮನೋವೈದ್ಯರ ಕೈಪಿಡಿ ಈ ವಿಭಾಗಗಳನ್ನು ಕೈಬಿಟ್ಟಿತು. ಮನೆಯವರು ಅರಿಯಬೇಕಾದ ಭೇದವೇ ಬೇರೆ. ಇಲ್ಲದ ಧ್ವನಿ ಕೇಳುವುದು, ಸುಳ್ಳು ನಂಬಿಕೆ ಬಿಡದಿರುವುದು ಎಲ್ಲರ ಕಣ್ಣಿಗೂ ಬೀಳುತ್ತದೆ. ಆದರೆ ಮಾತು ಕುಗ್ಗುವುದು, ಸ್ನಾನ ಬೇಡವಾಗುವುದು, ಯಾವುದರಲ್ಲೂ ಆಸಕ್ತಿ ಉಳಿಯದಿರುವುದು ಸಹ ರೋಗದ ಮುಖವೇ. ಅದನ್ನು ಸೋಮಾರಿತನವೆಂದು ಬೈದ ತಂದೆಯರನ್ನು ನಾವು ಕಂಡಿದ್ದೇವೆ. ಹಿಂದೊಮ್ಮೆ ನಾವೂ ಹಾಗೆಯೇ ಎಣಿಸಿದ್ದುಂಟು.

ಕಾರಣ ಒಂದೇ ಅಲ್ಲ. ಸಾಮಾನ್ಯವಾಗಿ ನೂರಕ್ಕೆ ಸುಮಾರು ಒಬ್ಬರಿಗೆ ಬರುವ ಈ ರೋಗ, ತಂದೆ ಅಥವಾ ತಾಯಿಗಿದ್ದರೆ ಮಕ್ಕಳಲ್ಲಿ ನೂರಕ್ಕೆ ಸುಮಾರು ಹತ್ತು ಮಂದಿಗೆ ಬರಬಹುದು. ಆದರೂ ತದ್ರೂಪಿ ಅವಳಿಗಳಲ್ಲಿ ಒಬ್ಬರಿಗೆ ಬಂದರೆ ಇನ್ನೊಬ್ಬರಿಗೆ ಬಂದೇ ತೀರುವುದಿಲ್ಲ. ಆದ್ದರಿಂದ ವಂಶವೇ ಸರ್ವಸ್ವವಲ್ಲ. ಹೆರಿಗೆಯ ಕಾಲದ ತೊಡಕುಗಳು, ಹದಿಹರೆಯದ ಗಾಂಜಾ ಸೇವನೆ ಅಪಾಯವನ್ನು ಹೆಚ್ಚಿಸುತ್ತವೆ. ಮೆದುಳಿನ ಡೋಪಮಿನ್ ಎಂಬ ರಾಸಾಯನಿಕದ ಏರುಪೇರೂ ಇಲ್ಲಿ ಸೇರಿದೆ. 1948ರಲ್ಲಿ ಫ್ರೀಡಾ ಫ್ರಾಮ್-ರೈಕ್‌ಮನ್ ಎಂಬ ವೈದ್ಯೆ ತಾಯಿಯ ನಡವಳಿಕೆಯೇ ರೋಗಜನಕವೆಂಬರ್ಥದ ಪದವೊಂದನ್ನು ಚಲಾವಣೆಗೆ ತಂದರು. ದಶಕಗಳ ಕಾಲ ಎಷ್ಟೋ ತಾಯಂದಿರು ಆ ಕಳಂಕ ಹೊತ್ತರು. ಅದಕ್ಕೆ ಆಧಾರ ದೊರೆಯದೆ ವೈದ್ಯಶಾಸ್ತ್ರವೇ ಅದನ್ನು ತೊರೆಯಿತು.

“ಮದುವೆ ಮಾಡಿದರೆ ಸರಿಹೋದೀತು” ಎಂಬ ಮಾತು ನಮ್ಮ ಬಂಧುವರ್ಗದಲ್ಲಿ ಇನ್ನೂ ನಡೆದಿದೆ. ರೋಗವನ್ನು ಮುಚ್ಚಿಟ್ಟು ಬೇರೆ ಮನೆಯ ಹೆಣ್ಣುಮಗಳನ್ನು ಇದರೊಳಗೆ ತರುವುದು ಅನ್ಯಾಯ. 1950ರ ದಶಕದಿಂದಲೇ ಔಷಧಿಗಳಿವೆ. ಗುಣವಾಯಿತೆಂದು ತಾವಾಗಿಯೇ ಗುಳಿಗೆ ನಿಲ್ಲಿಸಿದರೆ ರೋಗ ಮರಳುವುದೇ ಹೆಚ್ಚು. ದಾರದ ಜೊತೆಗೆ ವೈದ್ಯರ ಚೀಟಿಯೂ ಇರಲೆಂದು ನಾವು ಆ ತಾಯಂದಿರಿಗೆ ಹೇಳುತ್ತೇವೆ. ಎಲ್ಲಿಗೆ ಹೋಗಬೇಕೆಂದು ತಿಳಿಯದವರಿಗೆ, 2022ರಲ್ಲಿ ಆರಂಭವಾದ ಟೆಲಿ-ಮಾನಸ್ ಸಹಾಯವಾಣಿಯ 14416 ಸಂಖ್ಯೆಯನ್ನು ಬರೆದುಕೊಡುತ್ತೇವೆ.